ಅರ್ಧ ಹೆಣೆದ ಬುಟ್ಟಿ

ಫ್ರಾನ್ಸಿಗೆ ಹೋಗೋಣವೆಂದು ಹಟ ಹಿಡಿದವಳು ಸ್ಪಂದನಾ. ಹದಿನಾಲ್ಕು ವರ್ಷದ ಹುಡುಗಿ, ಅಬುಧಾಬಿಯ ಶಾಲೆಯಲ್ಲಿ ಎರಡನೆಯ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡಿದ್ದಳು. ಪಾಠದ ಪುಸ್ತಕದಲ್ಲಿ ಲ್ವಾರ್ ನದಿಯ ದಂಡೆಯ ಕೋಟೆಗಳ ಚಿತ್ರ ನೋಡಿ, ಬೇಸಿಗೆ ರಜೆಗೆ ಅಲ್ಲಿಗೇ ಹೋಗಬೇಕೆಂದಳು. ಅವಳ ಅಪ್ಪ ನಂದನ್ ಮೈಸೂರಿನವನು, ಎಲೆಕ್ಟ್ರಾ ಸ್ಟ್ರೀಟ್ ಹತ್ತಿರದ ಕಚೇರಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ಅವನು ರಜೆ ಕೇಳಲು ಮ್ಯಾನೇಜರ್ ನಿಶಾಂತ್ ಬಳಿ ಹೋದಾಗ ಅವರೂ ಅದೇ ವಾರ ಫ್ರಾನ್ಸಿಗೆ ಹೊರಟಿದ್ದಾರೆಂದು ತಿಳಿಯಿತು. ಎರಡು ಸಂಸಾರಗಳ ಪ್ರವಾಸ ಒಂದಾದದ್ದು ಹಾಗೆ.

ಅಶ್ಮಿತಾಗೆ ಇದು ಹಿಡಿಸಲಿಲ್ಲ. ನಿಶಾಂತನ ಹೆಂಡತಿ ಬಿಂದು ಉಡುಪಿ ಕಡೆಯವಳು, ಮಾತುಗಾರ್ತಿ, ಒಳ್ಳೆಯವಳೇ. ಆದರೆ ಊರಿನವರು ಯಾರು ಸಿಕ್ಕಿದರೂ ಅವಳಿಗೆ ಬೇರು ಹುಡುಕುವ ಚಾಳಿ. ಊರು ಯಾವುದು, ಮನೆ ಎಲ್ಲಿ, ಯಾರ ಪೈಕಿ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಮೊದಲ ಸಲ ಭೇಟಿಯಾದಾಗಲೇ ಕೇಳಿದ್ದಳು. "ನಿಮ್ದು ಯಾವ ಬರಿ ಅಶ್ಮಿತಾ?" ಬರಿ ಎಂದರೆ ತುಳುವರಲ್ಲಿ ಕುಲದ ಬಳ್ಳಿ. ಅಶ್ಮಿತಾ ನಗುತ್ತ, "ನಂಗೆ ಅದೆಲ್ಲ ಗೊತ್ತೇ ಇಲ್ಲ ಬಿಂದಕ್ಕ" ಎಂದು ಊಟದ ತಟ್ಟೆ ಹಿಡಿದು ಬೇರೆ ಕಡೆ ಹೋಗಿದ್ದಳು.

ಗೊತ್ತಿರಲಿಲ್ಲವೆಂದೇನಲ್ಲ. ಅವಳ ಮನೆಯವರು ತಲೆಮಾರುಗಳಿಂದ ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆದವರು. ಊರಿನವರು ಅವರ ಕೈಯ ಬುಟ್ಟಿ ತೆಗೆದುಕೊಳ್ಳುತ್ತಿದ್ದರು, ಅಂಗಳದೊಳಗೆ ಬಿಡುತ್ತಿರಲಿಲ್ಲ. ಅಪ್ಪ ಕೊರಗಪ್ಪ ಆ ಕಡೆಯ ಅವರ ಜನರಲ್ಲಿ ಮೊದಲು ಏಳನೆಯ ತರಗತಿ ಮುಟ್ಟಿ ಶಾಲೆಯೊಂದರಲ್ಲಿ ಅಟೆಂಡರ್ ಆದವನು. ಅಮ್ಮ ಲೋಲಾಕ್ಷಿ ಹೆಣೆಯುವುದನ್ನು ಬಿಡಲಿಲ್ಲ. ಗೊಬ್ಬರದ ಬುಟ್ಟಿ, ಅನ್ನ ಬಸಿಯುವ ಕುಡ್ಪು, ಕೋಳಿ ಮುಚ್ಚುವ ಗೂಡು. ಅಶ್ಮಿತಾ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದಿದಳು, ಅಬುಧಾಬಿಯ ಆಸ್ಪತ್ರೆಯೊಂದಕ್ಕೆ ಬಂದಳು, ನಂದನ್‌ನನ್ನು ಇಲ್ಲಿಯೇ ಕಂಡು ಮದುವೆಯಾದಳು. ಅವನಿಗೆ ಎಲ್ಲವನ್ನೂ ಹೇಳಿದ್ದಳು. ಅವನು, "ಅದ್ರಲ್ಲೇನಿದೆ? ಯಾರಿಗೆ ಹೇಳ್ಬೇಕು, ಯಾರಿಗೆ ಬೇಡ ಅನ್ನೋದು ನಿನ್ನಿಷ್ಟ" ಎಂದಿದ್ದ. ಅವಳು ಮತ್ತೆ ಯಾರಿಗೂ ಹೇಳಲಿಲ್ಲ. ಮಗಳಿಗೂ.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಕರೆಸಿಕೊಂಡು ಮೂರು ವರ್ಷವಾಗಿತ್ತು. ಖಲೀಫಾ ಸಿಟಿಯ ವಿಲ್ಲಾವೊಂದರ ಕೆಳಗಿನ ಪೋರ್ಷನ್ ಅವರದು, ಹಿಂದೆ ಸಣ್ಣದೊಂದು ಹಿತ್ತಿಲು. ಲೋಲಾಕ್ಷಿ ಬಂದ ಹೊಸತರಲ್ಲಿ, ಪಕ್ಕದ ಮನೆಯವರು ಫ್ರಿಜ್ ತರಿಸಿ, ಅದರ ಪೆಟ್ಟಿಗೆಗೆ ಬಿಗಿದಿದ್ದದ್ದನ್ನು ಬಿಚ್ಚಿ ಹೊರಗೆ ಬಿಸಾಡಿದ್ದ ಹಳದಿ ಪ್ಲಾಸ್ಟಿಕ್ ಪಟ್ಟಿಗಳನ್ನು ಆರಿಸಿ ತಂದು ಒಂದು ಬುಟ್ಟಿ ಹೆಣೆದಿದ್ದರು. ಅಂದು ಸಂಜೆ ಆಸ್ಪತ್ರೆಯ ಗೆಳತಿಯರು ಬರುವವರಿದ್ದರು. ಅಶ್ಮಿತಾ ಅದನ್ನು ಎತ್ತಿ ವಾಷಿಂಗ್ ಮೆಷಿನ್ನಿನ ಹಿಂದೆ ತುರುಕಿದಳು. ಲೋಲಾಕ್ಷಿ ನೋಡಿದರು. ಆಮೇಲೆ ಪಟ್ಟಿ ಆರಿಸಲಿಲ್ಲ.

ಜುಲೈ ಎರಡನೆಯ ವಾರ ಹೊರಟರು. ಪ್ಯಾರಿಸ್ ನೋಡಿ, ಅಲ್ಲಿಂದ ದೊಡ್ಡ ವ್ಯಾನೊಂದನ್ನು ಬಾಡಿಗೆಗೆ ಹಿಡಿದು, ನಿಶಾಂತ್ ಓಡಿಸುತ್ತ ನದಿಯ ದಾರಿ ಹಿಡಿದರು. ಸ್ಪಂದನಾ ಆರಿಸಿದ್ದ ಕೋಟೆ ನೀರಿಗೆ ತಾಗಿಕೊಂಡೇ ಇತ್ತು. ಬಿಳಿ ಕಲ್ಲಿನ ಗೋಡೆ, ಚೂಪು ಚಾವಣಿಯ ಗೋಪುರಗಳು, ಕೆಳಗೆ ಅಗಲವಾಗಿ, ಅವಸರವಿಲ್ಲದೆ ಹರಿಯುವ ನದಿ, ನಡುನಡುವೆ ಮರಳಿನ ದಿಬ್ಬಗಳು. ಸ್ಪಂದನಾ ಒಂದೊಂದು ಕೋಣೆಯ ಫಲಕವನ್ನೂ ಓದಿ ಅಜ್ಜಿಗೆ ಹೇಳುತ್ತ ಹೋದಳು. ರಾಜ ಮಲಗುತ್ತಿದ್ದದ್ದು ಇಲ್ಲಿ, ರಾಣಿ ಬರೆಯುತ್ತಿದ್ದದ್ದು ಅಲ್ಲಿ.

ಲೋಲಾಕ್ಷಿ ಎಲ್ಲ ಕೇಳಿ, "ಇಷ್ಟು ದೊಡ್ಡ ಮನೆ ಗುಡಿಸಿದ್ದು ಯಾರು ಅಂತ ಬರ್ದಿದ್ದಾರಾ?" ಎಂದರು.

"ಅಜ್ಜೀ!" ಎಂದು ಸ್ಪಂದನಾ ನಕ್ಕಳು.

ನೆಲಮಾಳಿಗೆಯ ಅಡುಗೆಮನೆಗೆ ಬಂದಾಗ ಮಾತ್ರ ಲೋಲಾಕ್ಷಿ ನಿಂತರು. ಒಲೆಯ ಪಕ್ಕದಲ್ಲಿ ಹಳೆಯ ಬುಟ್ಟಿಗಳನ್ನು ಪೇರಿಸಿಟ್ಟಿದ್ದರು. ಅಡ್ಡಲಾಗಿ ಕಟ್ಟಿದ್ದ ಹಗ್ಗದ ಮೇಲೆ ಬಾಗಿ, ಸೆರಗನ್ನು ಹಿಂದಕ್ಕೆ ಹಿಡಿದು, ಅವನ್ನು ಬಹಳ ಹೊತ್ತು ನೋಡಿದರು. ಅಲ್ಲಿದ್ದ ಕಾವಲಿನ ಹೆಂಗಸು ಇದನ್ನು ಗಮನಿಸಿ ಸ್ಪಂದನಾಳಿಗೆ ಏನೋ ಹೇಳಿದಳು.

"ಅಜ್ಜಿ, ಇದನ್ನ ಮಾಡುವ ಊರು ಇಲ್ಲೇ ಹತ್ತಿರದಲ್ಲಿ ಇದೆಯಂತೆ. ಮ್ಯೂಸಿಯಂ ಕೂಡ ಇದೆಯಂತೆ. ಹೋಗೋಣ?"

ಊಟ ಮುಗಿಸಿ ಎಲ್ಲರೂ ಅಲ್ಲಿಗೆ ಹೋದರು. ಒಂದೇ ಬೀದಿಯ ಹಳ್ಳಿ, ಅದರಲ್ಲಿ ಮೂರು ಪುಟ್ಟ ಮ್ಯೂಸಿಯಂ. ಒಂದರಲ್ಲಿ ಮರದ ಪೀಪಾಯಿ, ಒಂದರಲ್ಲಿ ಲೇಸಿನ ಟೊಪ್ಪಿಗೆ, ಕೊನೆಯದರಲ್ಲಿ ಬುಟ್ಟಿ. ಬಿಂದು ಲೇಸಿನ ಮನೆಯಲ್ಲೇ ಉಳಿದಳು, ಗಂಡಸರು ಕಾಫಿ ಹುಡುಕಿಕೊಂಡು ಹೋದರು. ಅಶ್ಮಿತಾ ಅಮ್ಮ, ಮಗಳ ಜೊತೆ ಬುಟ್ಟಿಯ ಮನೆ ಹೊಕ್ಕಳು.

ಒಳಗೆ ಎಪ್ಪತ್ತರ ಹತ್ತಿರದ ಹೆಂಗಸೊಬ್ಬಳು ತಗ್ಗು ಹಲಗೆಯ ಮೇಲೆ ಕೂತು ಹೆಣೆಯುತ್ತಿದ್ದಳು. ಹೆಸರು ಓಡೆತ್. ಪಕ್ಕದ ತೊಟ್ಟಿಯಲ್ಲಿ ನದಿಯಂಚಿನ ವಿಲೋ ಗಿಡದ ತೆಳ್ಳನೆಯ ಕಡ್ಡಿಗಳು ನೆನೆಯುತ್ತಿದ್ದವು. ಲೋಲಾಕ್ಷಿ ಒಂದು ಕಡ್ಡಿ ಎತ್ತಿ ಬಗ್ಗಿಸಿ ನೋಡಿದರು, ಮೂಸಿದರು, ಉಗುರಿನಿಂದ ಸಿಪ್ಪೆ ಕೆರೆದರು. ಆಮೇಲೆ ಯಾರನ್ನೂ ಕೇಳದೆ ಸೀರೆ ಒತ್ತರಿಸಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಆರು ಕಡ್ಡಿಗಳನ್ನು ಅಡ್ಡಡ್ಡ ಇಟ್ಟು, ಕಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅಡಿ ಕಟ್ಟತೊಡಗಿದರು.

ಓಡೆತ್ ತನ್ನ ಕೆಲಸ ನಿಲ್ಲಿಸಿ ಎದ್ದು ಬಂದು ಎದುರಿಗೆ ಕೂತಳು. ಲೋಲಾಕ್ಷಿಯ ಬೆರಳುಗಳು ಒಳಗೆ ಹೊರಗೆ, ಒಳಗೆ ಹೊರಗೆ ಓಡುತ್ತಿದ್ದವು. ಒಂದು ಕಡೆ ಕಡ್ಡಿ ಸಿಗಿದಾಗ ಓಡೆತ್ ಮೊದಲೇ ಆರಿಸಿಟ್ಟಂತೆ ಇನ್ನೊಂದನ್ನು ಕೊಟ್ಟಳು. ಲೋಲಾಕ್ಷಿ ತುಳುವಿನಲ್ಲಿ, ಓಡೆತ್ ಫ್ರೆಂಚಿನಲ್ಲಿ ಮಾತಾಡಿದರು. ಅರ್ಧಕ್ಕೆ ಸ್ಪಂದನಾಳ ಅನುವಾದ ಬೇಕಾಗಲೇ ಇಲ್ಲ.

"ಅಮ್ಮಾ, ಲುಕ್ ಅಟ್ ಹರ್!" ಸ್ಪಂದನಾ ಫೋನಿನಲ್ಲಿ ವಿಡಿಯೋ ಹಿಡಿಯುತ್ತ ಕುಣಿದಳು. "ಅಜ್ಜಿಗೆ ಇದು ಬರ್ತದೆ ಅಂತ ನೀನು ಹೇಳ್ಲೇ ಇಲ್ಲ!"

ಅಶ್ಮಿತಾ ಅಮ್ಮನ ಮುಖ ನೋಡಿದಳು. ಮೂರು ವರ್ಷದಲ್ಲಿ ಆ ಮುಖ ಅಷ್ಟು ಹಗುರಾದದ್ದನ್ನು ಅವಳು ಕಂಡಿರಲಿಲ್ಲ. ಅವಳಿಗೂ ಒಂದು ಗಳಿಗೆ ಸುಖವೆನಿಸಿತು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಬಿಂದು ಒಳಗೆ ಬಂದಳು.

"ಅರೆ, ಆಂಟಿ! ಎಂತ ಚಂದ ಹೆಣಿತೀರಿ ಮಾರಾಯ್ರೆ. ಎಲ್ಲಿ ಕಲ್ತದ್ದು ಇದು?" ಹತ್ತಿರ ಬಂದು, ಲೋಲಾಕ್ಷಿ ಕೂತ ರೀತಿಯನ್ನು, ಹೆಬ್ಬೆರಳಿನ ಹಿಡಿತವನ್ನು ನೋಡಿದಳು. "ನಮ್ಮಲ್ಲಿಗೆ ಹೀಗೇ ಬುಟ್ಟಿ ತಗೊಂಡು ಬರ್ತಿದ್ರು, ನಾನು ಸಣ್ಣವಳಿರುವಾಗ..."

ಲೋಲಾಕ್ಷಿ ತಲೆಯೆತ್ತಿ ಬಾಯಿ ತೆರೆದರು. ಅವರು ಏನು ಹೇಳುತ್ತಿದ್ದರೋ. ಅಶ್ಮಿತಾ ನಡುವೆ ಬಂದಳು.

"ಅಬುಧಾಬಿಯಲ್ಲಿ ಒಂದು ಹಾಬಿ ಕ್ಲಾಸಿಗೆ ಹೋಗ್ತಿದ್ರು ಬಿಂದಕ್ಕ. ಟೈಂಪಾಸಿಗೆ." ಆಮೇಲೆ ಅಮ್ಮನ ಕಡೆ ತಿರುಗಿ ತುಳುವಿನಲ್ಲಿ, ತಗ್ಗಿದ ದನಿಯಲ್ಲಿ, "ಯಾವು ಅಮ್ಮ. ಲಕ್ಕ್" ಎಂದಳು. ಸಾಕು, ಏಳು.

ಲೋಲಾಕ್ಷಿ ಕೈ ನಿಲ್ಲಿಸಿದರು. ಬುಟ್ಟಿ ಒಂದು ಗೇಣು ಎದ್ದಿತ್ತು, ಕಡ್ಡಿಗಳ ತುದಿಗಳು ಸುತ್ತಲೂ ಚಾಚಿಕೊಂಡಿದ್ದವು. ಅದನ್ನು ಓಡೆತ್‌ಳ ಮಡಿಲಿಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೊಣಕಾಲು ಹಿಡಿದು ಎದ್ದರು. ಇನ್ನೊಂದು ಗಂಟೆ ಇರಲಿ, ಮುಗಿಸಿ ಹೋಗಲಿ ಎಂದು ಓಡೆತ್ ಕೇಳಿಕೊಂಡಳು. ಹೊತ್ತಾಯಿತೆಂದು ಹೇಳು ಎಂದಳು ಅಶ್ಮಿತಾ. ಹೊತ್ತೇನೂ ಆಗಿರಲಿಲ್ಲ. ಸ್ಪಂದನಾ ಮುಖ ಊದಿಸಿಕೊಂಡೇ ಅನುವಾದ ಮಾಡಿದಳು, ಓಡೆತ್ ಕೇಳಿದ್ದಕ್ಕೆ ಅಮ್ಮನ ಇಮೇಲ್ ವಿಳಾಸ ಬರೆದುಕೊಟ್ಟಳು.

ವ್ಯಾನಿನಲ್ಲಿ ಲೋಲಾಕ್ಷಿ ಕಿಟಕಿಯ ಪಕ್ಕ ಕೂತು ನದಿ ನೋಡುತ್ತಿದ್ದರು. ಅಶ್ಮಿತಾಗೆ ತನ್ನ ಎಂಟನೆಯ ತರಗತಿಯ ಒಂದು ದಿನ ನೆನಪಾಯಿತು. ಅವಳು ಮರೆತು ಬಂದ ಬುತ್ತಿ ಹಿಡಿದು ಅಮ್ಮ ಶಾಲೆಯ ಗೇಟಿನ ಹತ್ತಿರ ನಿಂತಿದ್ದಳು, ತಲೆಯ ಮೇಲೆ ಸಂತೆಗೆ ಹೊರಟ ಏಳೆಂಟು ಬುಟ್ಟಿ. ಅದು ಯಾರೆಂದು ಗೆಳತಿಯೊಬ್ಬಳು ಕೇಳಿದಾಗ ಅಶ್ಮಿತಾ "ಗೊತ್ತಿಲ್ಲ" ಎಂದಿದ್ದಳು. ಆ ಮೇಲೆ ಅಮ್ಮ ಸಂತೆಗೆ ಶಾಲೆಯ ದಾರಿ ಬಿಟ್ಟು, ಗುಡ್ಡ ಸುತ್ತಿ ಹೋಗತೊಡಗಿದಳು. ಒಂದು ಮೈಲಿ ಹೆಚ್ಚು. ಆಗ ಹದಿಮೂರು ವರ್ಷ. ಈಗ ನಲವತ್ತೊಂದು. ಅಮ್ಮನ ಕೈ ಹಿಡಿಯಬೇಕೆಂದು ಅನಿಸಿತು, ಆದರೆ ನಡುವಿನ ಸೀಟಿನಲ್ಲಿ ಬಿಂದು ಇದ್ದಳು.

ಅಬುಧಾಬಿಗೆ ಮರಳಿ ಒಂದು ತಿಂಗಳಾಗಿತ್ತು. ಆಸ್ಪತ್ರೆಯ ಊಟದ ಬಿಡುವಿನಲ್ಲಿ ಅಶ್ಮಿತಾ ಫೋನ್ ತೆರೆದಾಗ ಓಡೆತ್‌ಳ ಪತ್ರ ಬಂದಿತ್ತು, ಯಾರದೋ ಸಹಾಯದಿಂದ ಇಂಗ್ಲಿಷಿನಲ್ಲಿ ಬರೆಸಿದ್ದು. ನಿಮ್ಮ ತಾಯಿಯ ಬುಟ್ಟಿಯನ್ನು ಹಾಗೆಯೇ ಇಟ್ಟಿದ್ದೇನೆ. ಬರುವ ಮೇ ತಿಂಗಳಿನಲ್ಲಿ ಕೋಟೆಯ ಅಂಗಳದಲ್ಲಿ ಬೇರೆ ಬೇರೆ ದೇಶದ ಬುಟ್ಟಿ ಹೆಣೆಯುವವರು ಮೂರು ದಿನ ಸೇರುತ್ತಾರೆ. ನಿಮ್ಮ ತಾಯಿಯೂ ಬರಲಿ, ನನ್ನ ಮನೆಯಲ್ಲೇ ಇರಲಿ. ಕಾಲಿನಿಂದ ಒತ್ತಿ ಹಿಡಿದು ಅಡಿ ಕಟ್ಟುವುದನ್ನು ನಾನು ಚಿತ್ರದಲ್ಲಷ್ಟೇ ನೋಡಿದ್ದೆ.

ಅಶ್ಮಿತಾ ಎರಡು ಸಲ ಓದಿದಳು. ಅಮ್ಮನಿಗೆ ಹೇಳಿದರೆ ಅಮ್ಮ ಹೂಂ ಎನ್ನಬಹುದು. ಸ್ಪಂದನಾ ಊರಿಗೆಲ್ಲ ಸಾರುತ್ತಾಳೆ. ಫೋಟೋಗಳು ಬರುತ್ತವೆ, ಫೋಟೋ ಕೆಳಗೆ ಹೆಸರು, ಊರು, ಜನಾಂಗ ಬರುತ್ತದೆ, ಬಿಂದು ನೋಡುತ್ತಾಳೆ, ಸಂಘದವರೆಲ್ಲ ನೋಡುತ್ತಾರೆ. ಬಿಡುವು ಮುಗಿಯುವುದರೊಳಗೆ ಅವಳು ನಾಲ್ಕು ಸಾಲು ಟೈಪ್ ಮಾಡಿ ಕಳಿಸಿದಳು. ಧನ್ಯವಾದ. ನನ್ನ ತಾಯಿಗೆ ಆರೋಗ್ಯ ಸರಿಯಿಲ್ಲ. ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ. ಕ್ಷಮಿಸಿ.

ಮರುದಿನವೇ ಉತ್ತರ ಬಂತು. ಬೇಗ ಗುಣವಾಗಲಿ. ಬುಟ್ಟಿಯ ಪಕ್ಕ ಒಂದು ಚೀಟಿ ಇಡಬೇಕೆಂದಿದ್ದೇನೆ. ಅವರ ಹೆಸರು, ಅವರ ಊರು, ಯಾರಿಂದ ಕಲಿತರು, ಇಷ್ಟು ಬರೆದು ಕಳಿಸುವಿರಾ?

ಅದಕ್ಕೆ ಅಶ್ಮಿತಾ ಉತ್ತರ ಕೊಡಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಲೋಲಾಕ್ಷಿ ಚಹದ ಲೋಟ ಹಿಡಿದವರು ಹಾಗೆಯೇ ಕೈಬಿಟ್ಟರು. ಅಶ್ಮಿತಾ ಡ್ಯೂಟಿಯಲ್ಲಿದ್ದಳು. ನಂದನ್ ಆಂಬುಲೆನ್ಸ್ ಕರೆಸಿದ. ಸ್ಟ್ರೋಕ್. ಎರಡು ವಾರದಲ್ಲಿ ಮಾತು ಮರಳಿತು, ಸ್ವಲ್ಪ ತೊದಲಿದರೂ. ಕೋಲು ಹಿಡಿದು ನಡೆಯುವಂತಾದರು. ಬಲಗೈ ಮಾತ್ರ ಬರಲಿಲ್ಲ. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ನೆವಿಲ್ ಮಂಗಳೂರಿನವನು, ತಾಳ್ಮೆಯವನು. ಮೆತ್ತನೆಯ ಚೆಂಡನ್ನು ಅವರ ಬಲ ಅಂಗೈಯಲ್ಲಿಟ್ಟು, "ಒತ್ತಿ ಅಮ್ಮ, ಸ್ವಲ್ಪ, ಸ್ವಲ್ಪ" ಎನ್ನುತ್ತಿದ್ದ. ಬೆರಳುಗಳು ಚೆಂಡಿನ ಮೇಲೆ ಸುಮ್ಮನೆ ಮಲಗಿರುತ್ತಿದ್ದವು.

ಎಷ್ಟೋ ರೋಗಿಗಳ ಮಕ್ಕಳಿಗೆ ಧೈರ್ಯ ಹೇಳಿದವಳು ಅಶ್ಮಿತಾ. ಈಗ ತನಗೆ ತಾನೇ ಏನೂ ಹೇಳಿಕೊಳ್ಳಲಾರದೆ ಹೋದಳು. ಬರೆದ ಸುಳ್ಳಿನಿಂದ ರಕ್ತನಾಳ ಕಟ್ಟಿಕೊಳ್ಳುವುದಿಲ್ಲವೆಂದು ನರ್ಸಾದ ಅವಳಿಗೆ ಗೊತ್ತಿತ್ತು. ಆದರೂ ಆ ನಾಲ್ಕು ಸಾಲನ್ನು ಮತ್ತೆ ಮತ್ತೆ ತೆರೆದು ಓದುತ್ತಿದ್ದಳು. ಅಳಿಸಲು ಮನಸ್ಸಾಗಲಿಲ್ಲ.

ಏಪ್ರಿಲ್‌ನಲ್ಲಿ ಸ್ಪಂದನಾಗೆ ಶಾಲೆಯಲ್ಲಿ ಫ್ರೆಂಚ್ ಪ್ರಾಜೆಕ್ಟ್ ಕೊಟ್ಟರು. ಅವಳು ತಾನಾಗಿ ಮ್ಯೂಸಿಯಮ್ಮಿಗೆ ಬರೆದು ಪ್ರಶ್ನೆ ಕೇಳಿದಳು, ಉತ್ತರವೂ ಬಂತು. ಶನಿವಾರ ಮಧ್ಯಾಹ್ನ, ಅಶ್ಮಿತಾ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದಾಗ, ಲ್ಯಾಪ್‌ಟಾಪ್ ಹಿಡಿದು ಬಂದಳು.

"ಅಮ್ಮಾ, ಓಡೆತ್ ಬರ್ದಿದ್ದಾರೆ. ಹೋದ ಆಗಸ್ಟಿಂದ ಅಜ್ಜಿಗೆ ಹುಷಾರಿಲ್ಲ ಅಂತ ನೀನು ಹೇಳಿದ್ದೀಯಂತೆ. ಈಗ ಹೇಗಿದ್ದಾರೆ, ಮೇಗೆ ಬರ್ಲಿಕ್ಕಾಗ್ತದಾ ಅಂತ ಕೇಳ್ತಾರೆ. ಆಗಸ್ಟಲ್ಲಿ ಅಜ್ಜಿ ಸರಿಯಾಗೇ ಇದ್ರಲ್ಲ?"

ಚಮಚ ಅಶ್ಮಿತಾಳ ಕೈಯಲ್ಲೇ ನಿಂತಿತು.

"ವಾಟ್ ಈಸ್ ಇನ್ ಮೇ? ಅವ್ರು ಅಜ್ಜಿಯನ್ನ ಕರ್ದಿದ್ರಾ? ಅಮ್ಮಾ? ನೀನು ಸುಳ್ಳು ಹೇಳಿದ್ಯಾ?"

ಲೋಲಾಕ್ಷಿ ಇಬ್ಬರನ್ನೂ ನೋಡಿದರು. "ಎಂತ ಅದು? ನಂಗೂ ಹೇಳಿ."

ಅಶ್ಮಿತಾ ಚಮಚ ಕೆಳಗಿಟ್ಟು ಎಲ್ಲವನ್ನೂ ಹೇಳಿದಳು. ಪತ್ರದಲ್ಲಿ ಏನಿತ್ತು, ತಾನು ಏನು ಬರೆದೆ, ಯಾಕೆ ಬರೆದೆ. ಮಗಳ ಎದುರೇ, ಶಾಲೆಯ ಗೇಟಿನ ದಿನದವರೆಗೂ ಹೇಳಿದಳು. ಮಾತು ಮುಗಿಯುವ ಹೊತ್ತಿಗೆ ಸ್ಪಂದನಾ ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತಿದ್ದಳು.

ಲೋಲಾಕ್ಷಿ ಗಂಜಿಯ ಬಟ್ಟಲನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದರು. ಬಯ್ಯಲಿ ಎಂದು ಅಶ್ಮಿತಾ ಕಾದಳು.

"ನನ್ನತ್ರ ಕೇಳ್ಬೇಕಿತ್ತು ನೀನು," ಎಂದರು, ಒಂದೊಂದೇ ಮಾತು ಹುಡುಕುತ್ತ. "ಅಷ್ಟು ದೂರ ಒಬ್ಳೇ ಹೋಗುದಿಲ್ಲ ಅಂತ ನಾನೇ ಹೇಳ್ತಿದ್ನೋ ಏನೋ. ಹೋಗ್ತೇನೆ ಅಂತ್ಲೂ ಹೇಳ್ತಿದ್ದೆ ಏನೋ. ಆದ್ರೆ ಕೇಳ್ಬೇಕಿತ್ತು."

"ತಪ್ಪಾಯ್ತು ಅಮ್ಮ."

"ಹೂಂ," ಎಂದರು ಲೋಲಾಕ್ಷಿ. ಪರವಾಗಿಲ್ಲ ಎನ್ನಲಿಲ್ಲ. ಸ್ಪಂದನಾಳ ಕಡೆ ತಿರುಗಿ ಕೇಳಿದರು, "ಆ ಬುಟ್ಟಿ ಹಾಗೇ ಉಂಟಾ ಇನ್ನೂ?"

"ಉಂಟಂತೆ ಅಜ್ಜಿ. ಶೆಲ್ಫಲ್ಲಿ ಇಟ್ಟಿದ್ದಾರಂತೆ."

"ಅರ್ಧ ಆದದ್ದನ್ನ ನಾಲ್ಕು ಜನಕ್ಕೆ ತೋರಿಸ್ಬಾರ್ದು. ಅವಳಿಗೆ ಹೇಳು, ಬಾಕಿ ಅವಳೇ ಮುಗಿಸ್ಲಿ. ಬಾಯಿ ಕಟ್ಟುವಾಗ ಸ್ವಲ್ಪ ಬಿಗಿ ಹಿಡೀಲಿಕ್ಕೆ ಹೇಳು."

ಅಂದು ಸಂಜೆ ಅಶ್ಮಿತಾ ಉತ್ತರ ಬರೆದಳು. ಹೆಸರು ಲೋಲಾಕ್ಷಿ, ಗಂಡ ಕೊರಗಪ್ಪ. ಊರಿನ ಹೆಸರು ಬರೆದಳು, ಜನಾಂಗದ ಹೆಸರನ್ನೂ ಮರೆಮಾಚದೆ ಬರೆದಳು. ತನ್ನ ತಾಯಿಯಿಂದ ಕಲಿತವರು, ಆ ತಾಯಿ ಅವಳ ತಾಯಿಯಿಂದ. ಆಮೇಲೆ, ಆಗಸ್ಟಿನಲ್ಲಿ ನಾನು ಬರೆದದ್ದು ನಿಜವಾಗಿರಲಿಲ್ಲ, ಈಗ ಬರೆಯುತ್ತಿರುವುದು ನಿಜ, ಅವರ ಬಲಗೈ ಹೋಗಿದೆ ಎಂದು. ಓಡೆತ್ ಒಂದು ವಾರ ಏನೂ ಬರೆಯಲಿಲ್ಲ. ಆಮೇಲೆ ಪತ್ರವಿಲ್ಲದೆ ಒಂದು ಫೋಟೋ ಮಾತ್ರ ಬಂತು. ಬುಟ್ಟಿ ಮುಗಿದಿತ್ತು. ಕೆಳಗಿನ ಗೇಣು ಲೋಲಾಕ್ಷಿಯದು, ಮೇಲಿನದು ಓಡೆತ್‌ಳದು. ಎಲ್ಲಿ ಕೈ ಬದಲಾಯಿತೆಂದು ಲೋಲಾಕ್ಷಿ ಎಡಗೈ ಬೆರಳಿಟ್ಟು ತೋರಿಸಿದರು. ಉಳಿದವರಿಗೆ ಕಾಣಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಬಿಂದು ಆಂಟಿಯನ್ನು ನೋಡಲು ಬಂದಳು, ಕೇದಗೆ ಎಲೆಯ ಕಡುಬು, ಮೂಡೆ, ಮಾಡಿ ಬಾಕ್ಸಿನಲ್ಲಿ ತುಂಬಿಕೊಂಡು. ಹೊರಡುವಾಗ ಅಶ್ಮಿತಾ ಗೇಟಿನವರೆಗೆ ಬಂದು ಹೇಳಿದಳು. "ಬಿಂದಕ್ಕ, ಹಾಬಿ ಕ್ಲಾಸ್ ಅಂತ ಅವತ್ತು ಹೇಳಿದ್ದು ಸುಳ್ಳು. ಬುಟ್ಟಿ ಹೆಣೆಯುದು ನಮ್ಮ ಮನೆ ಕಸುಬು. ನಿಮ್ಮಲ್ಲಿಗೆ ಬುಟ್ಟಿ ತರ್ತಿದ್ದ ಆ ಜನವೇ ನಾವು."

ಬಿಂದು ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದಳು. "ಗೊತ್ತಿತ್ತು ನಂಗೆ. ಆಂಟಿ ಕೂತದ್ದು ನೋಡಿದ ಕೂಡ್ಲೇ ಗೊತ್ತಾಯ್ತು. ನಿಶಾಂತ್‌ಗೂ ಹೇಳಿದ್ದೆ."

"ಮತ್ತೆ?"

"ಮತ್ತೆ ಎಂತ? ಏನೂ ಇಲ್ಲ." ಕಾರಿನ ಬಾಗಿಲು ತೆರೆದು, ಹತ್ತದೆ ತಿರುಗಿದಳು. "ನಮ್ಮ ಮನೆಗೆ ಬುಟ್ಟಿ ತರ್ತಿದ್ದ ಅಜ್ಜಿಯನ್ನ ನಾವು ಅಂಗಳದ ಆಚೆ ನಿಲ್ಲಿಸ್ತಿದ್ದೆವು, ಅಶ್ಮಿತಾ. ನೀರು ಕೂಡ ದೂರದಿಂದ ಹೊಯ್ಯುದು. ಆಂಟಿಯತ್ರ ಅದನ್ನ ಹೇಳ್ಬೇಕು ಅಂತಿತ್ತು ಅವತ್ತು. ನೀನು ಎಬ್ಬಿಸಿಕೊಂಡು ಹೋದಿ."

ಬಿಂದು ಹೋದ ಮೇಲೂ ಅಶ್ಮಿತಾ ಬಿಸಿಲಲ್ಲೇ ನಿಂತಿದ್ದಳು. ಯಾರಿಂದ ಅಡಗಿಸಿದ್ದಳೋ ಅವರಿಗೆ ಮೊದಲ ಗಳಿಗೆಯಲ್ಲೇ ಗೊತ್ತಿತ್ತು. ಅಡಗಿಸಿದ್ದರಿಂದ ಉಳಿದದ್ದು ಏನೂ ಇರಲಿಲ್ಲ. ಹೋದದ್ದು ಅಮ್ಮನ ಒಂದು ಗಂಟೆ, ಆಮೇಲೆ ಕೈ ಆಡುತ್ತಿದ್ದ ಅಷ್ಟೂ ತಿಂಗಳು. ಅದನ್ನು ಯಾವ ರಜೆ ಹಾಕಿಯೂ ಮರಳಿ ತರಲಾಗುವುದಿಲ್ಲ.

ಒಳಗೆ ಬಂದಾಗ ಲೋಲಾಕ್ಷಿ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಅಶ್ಮಿತಾ ಸ್ಪಂದನಾಳ ಕೋಣೆಯಿಂದ ದಪ್ಪ ನೂಲು, ಐಸ್‌ಕ್ರೀಮ್ ಕಡ್ಡಿಗಳನ್ನು ಹುಡುಕಿ ತಂದು ಅಮ್ಮನ ಎದುರು ನೆಲದ ಮೇಲೆ ಕೂತಳು.

"ಅಮ್ಮ, ಅಡಿ ಕಟ್ಟುದು ಹೇಗೆ? ನಂಗೆ ಹೇಳಿಕೊಡು."

ಲೋಲಾಕ್ಷಿ ಕಡ್ಡಿಗಳನ್ನು ನೋಡಿದರು. ಎಡಗೈಯಿಂದ ಎರಡನ್ನು ಎತ್ತಿ ಅಡ್ಡ ಇಟ್ಟರು, ಇನ್ನೊಂದನ್ನು ಇಟ್ಟರು, ತೆಗೆದರು. ಹುಬ್ಬು ಗಂಟಿಕ್ಕಿ ಯೋಚಿಸಿದರು. ಬಲಗೈಯನ್ನು ಎಡಗೈಯಿಂದಲೇ ಎತ್ತಿ ಕಡ್ಡಿಗಳ ಮೇಲಿಟ್ಟು ನೋಡಿದರು.

"ಮೊದ್ಲು ಎಂತ ಮಾಡುದು, ಆಮೇಲೆ ಎಂತ ಮಾಡುದು ಅಂತ ಬಾಯಲ್ಲಿ ಹೇಳ್ಲಿಕ್ಕೆ ಬರುದಿಲ್ಲ ಮಗಾ," ಎಂದರು. "ಕೈಗೆ ಗೊತ್ತಿತ್ತು. ನಾನು ನೋಡ್ತಾ ಕೂತ್ಕೊಳ್ತಿದ್ದೆ, ಅಷ್ಟೇ."

ಅಶ್ಮಿತಾ ತಲೆತಗ್ಗಿಸಿದಳು. ಲೋಲಾಕ್ಷಿ ಎಡಗೈಯಿಂದ ಅವಳ ಕೂದಲು ಸವರಿ, ಹೊತ್ತಾಯಿತು, ಸ್ಪಂದನಾ ಟ್ಯೂಷನ್ನಿಂದ ಬರುವ ಹೊತ್ತು, ಅವಳಿಗೆ ತಿನ್ನಲಿಕ್ಕೆ ಏನಾದರೂ ಇಡು ಎಂದರು. ಅಶ್ಮಿತಾ ಕಡ್ಡಿಗಳನ್ನು ಒಟ್ಟುಮಾಡಿ, ಬಿಂದು ತಂದ ಮೂಡೆ ಬಿಸಿ ಮಾಡಲು ಎದ್ದಳು.